ಬೆನ್ನು ಮುಟ್ಟದ ಹುಡುಗಿ

ಮಗ್ಗದ ಬೀದಿಯಲ್ಲಿ ಮಕ್ಕಳು ಅಮ್ಮನನ್ನು ಕೂಗಿ ಕರೆಯುವುದಿಲ್ಲ. ಕೂಗಿದರೆ ಕೇಳಿಸುವುದಿಲ್ಲ, ಅಷ್ಟೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪ್ರತಿ ಮನೆಯ ನಡುಮನೆಯಲ್ಲೂ ಕರೆಂಟಿನ ಮಗ್ಗಗಳು. ಬೆಳಗ್ಗೆ ಹಾಲಿನವನು ಹೋದ ಮೇಲೆ ಶುರುವಾದರೆ, ಪಕ್ಕದಲ್ಲಿ ನಿಂತವರ ಮಾತನ್ನೂ ತುಟಿ ನೋಡಿಯೇ ತಿಳಿಯಬೇಕು. ಹೀಗಾಗಿ ನಮ್ಮ ಮಕ್ಕಳಿಗೆ ಬೇರೊಂದು ರೂಢಿ ಬಂದುಬಿಡುತ್ತದೆ. ಬಿದ್ದರೆ, ಹಸಿವಾದರೆ, ಯಾರಾದರೂ ಹೊಡೆದರೆ, ಓಡಿ ಬಂದು ಮಗ್ಗದ ಮುಂದೆ ನಿಂತ ತಾಯಿಯ ಬೆನ್ನಿಗೆ ಹಣೆಯಿಟ್ಟು ನಿಲ್ಲುತ್ತವೆ. ಅವಳು ತಿರುಗುವುದಿಲ್ಲ. ಕಣ್ಣು ಎಳೆಗಳ ಮೇಲೇ ಇರಬೇಕು, ಒಂದು ಎಳೆ ಕಡಿದದ್ದು ತಪ್ಪಿಹೋದರೆ ಸೀರೆ ಕೆಟ್ಟಿತು. ಎಡಗೈಯನ್ನು ಹಿಂದಕ್ಕೆ ಚಾಚಿ ಮಗುವಿನ ತಲೆ ಸವರುತ್ತಾಳೆ. ಅತ್ತು ಮುಗಿಯುವವರೆಗೆ ಹಾಗೇ. ನಮ್ಮ ಬೀದಿಯ ಹೆಂಗಸರ ರವಿಕೆಗಳು ಬೆನ್ನಿನಲ್ಲೇ ಮೊದಲು ಮಾಸುತ್ತಿದ್ದವು.

ನಾನು ಬರೆಯಹೊರಟಿರುವುದು ಆ ಬೀದಿಯಲ್ಲಿ, ನನ್ನ ಮನೆಯಲ್ಲಿ, ಮೂರು ವರ್ಷ ಇದ್ದೂ ನನ್ನ ಬೆನ್ನು ಮುಟ್ಟದ ಹುಡುಗಿಯ ವಿಷಯ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಹತ್ತನೇ ವಯಸ್ಸಿಗೆ ಕಂಡಿಕೆ ಸುತ್ತಲು ಕೂತವಳು ನಾನು. ಲಾಳಿಯೊಳಗೆ ಇಡುವ ನೂಲಿನ ಸುರುಳಿಗೆ ನಾವು ಕಂಡಿಕೆ ಎನ್ನುತ್ತೇವೆ. ಮದುವೆಯಾದ ಮೇಲೆ ನಮ್ಮ ಯಜಮಾನರು ನೇಯ್ದದ್ದನ್ನು ದಲ್ಲಾಳಿ ಕೇಳಿದ ಬೆಲೆಗೆ ಕೊಡುವುದನ್ನು ನೋಡಿ ನೋಡಿ ಸಾಕಾಗಿ, ಒಂದು ದಿನ ಸೀರೆಗಳ ಗಂಟು ಕಟ್ಟಿಕೊಂಡು ನಾನೇ ಬೆಂಗಳೂರಿನ ಬಸ್ಸು ಹತ್ತಿದೆ. ಅಂಗಡಿಯವರು ಮೊದಮೊದಲು ನಕ್ಕರು. ಆಮೇಲೆ ಕುರ್ಚಿ ಹಾಕಿಸಿದರು. ಚೌಕಾಸಿಯ ಒಂದು ಗುಟ್ಟು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಬೆಲೆ ಕುದುರದಿದ್ದರೆ ವಾದ ಮಾಡುತ್ತಾ ಕೂರಬೇಡಿ. ಸೀರೆ ಮಡಿಸಿ ಎದ್ದುಬಿಡಿ. ಚಪ್ಪಲಿ ಹಾಕಿಕೊಳ್ಳುವಾಗ ಸ್ವಲ್ಪ ತಡ ಮಾಡಿ, ಮೆಟ್ಟಿಲಿಳಿಯುವಾಗ ಹೆಜ್ಜೆ ನಿಧಾನವಾಗಿರಲಿ, ಆದರೆ ತಿರುಗಿ ಮಾತ್ರ ನೋಡಬೇಡಿ. ನೀವು ಬೇಕು ಎನ್ನುವವರು ಹಿಂದಿನಿಂದ ಕೂಗೇ ಕೂಗುತ್ತಾರೆ. ಕೂಗಲಿಲ್ಲವೋ, ನೀವು ಅವರಿಗೆ ಬೇಕಿಲ್ಲ. ಮುಂದಿನ ಅಂಗಡಿಗೆ ಹೋಗಿ. ಇದು ಸೀರೆಗೆ ಸರಿಯಾದ ಪಾಠ. ಎಲ್ಲದಕ್ಕೂ ಸರಿ ಎಂದು ಬಹಳ ಕಾಲ ನಂಬಿದ್ದೆ.

ಹುಡುಗಿ ನನ್ನ ತಂಗಿಯ ಮಗಳು. ತಂಗಿ ಎರಡನೆಯ ಹೆರಿಗೆಯಲ್ಲಿ ತೀರಿಹೋದಾಗ ಇವಳಿಗೆ ಇನ್ನೂ ಮಾತು ಸರಿಯಾಗಿ ಬಂದಿರಲಿಲ್ಲ. ಮೊದಲು ಅಜ್ಜಿ ಮನೆ, ಅಜ್ಜಿಗೆ ಕಣ್ಣು ಹೋದ ಮೇಲೆ ಸೋದರತ್ತೆ ಮನೆ, ಅಲ್ಲಿಂದ ಅಪ್ಪ ಎರಡನೇ ಮದುವೆಯಾದ ಮೇಲೆ ಅವನ ಮನೆ. ಆರು ವರ್ಷ ತುಂಬಿದಾಗ ನಮ್ಮಲ್ಲಿಗೆ ಬಂದಳು. ನಮಗೆ ಮಕ್ಕಳಿರಲಿಲ್ಲ. ಬಂದ ದಿನವೇ ಅವಳು ಬೀದಿಯ ಒಂದೊಂದೇ ಮನೆಗೆ ಹೋಗಿ, ಯಾರ ಮನೆಯಲ್ಲಿ ಏನು ತಿಂಡಿ ಎಂದು ತಿಳಿದುಕೊಂಡು ಬಂದಳು. ಅಳಲಿಲ್ಲ, ಹಟವಿಲ್ಲ. ಬೀದಿಗೆ ಬೀದಿಯೇ ಮೆಚ್ಚಿತು.

"ಅಕ್ಕಾ, ಪುಣ್ಯ ಮಾಡಿದ್ದೆ ಬಿಡು," ಅಂದಳು ಎದುರುಮನೆಯಾಕೆ. ದೊಡ್ಡ ಬಾಯಿ, ದೊಡ್ಡ ಮನಸ್ಸು, ಎರಡೂ ಅವಳದೇ. "ನನ್ ಮಗ ನೋಡು, ಕಕ್ಕಸಿಗೆ ಹೋಗಕ್ಕೂ ನಾನೇ ಜೊತೇಲಿರ್ಬೇಕು. ನಿನ್ ಹುಡುಗಿ ಚಿನ್ನ ಕಣೆ. ಯಾರ್ ಕರೆದ್ರೂ ಹೋಗುತ್ತೆ."

ಯಾರು ಕರೆದರೂ ಹೋಗುತ್ತಿದ್ದಳು, ಅದು ನಿಜ. ಹಿಂದೂಪುರದಿಂದ ಸೀರೆ ಕೊಳ್ಳಲು ಬಂದ ಒಬ್ಬ ವ್ಯಾಪಾರಿ, ಅದೇ ಮೊದಲ ಸಲ ನಮ್ಮ ಮನೆಗೆ ಬಂದವನು, ಕಾಫಿ ಲೋಟ ಕೆಳಗಿಡುವ ಮೊದಲೇ ಅವನ ತೊಡೆಯೇರಿ ಕೂತು ಅವನ ಜೇಬಿನ ಬಾಚಣಿಗೆಯಿಂದ ಅವನಿಗೇ ತಲೆ ಬಾಚಿದಳು. ಅವನು "ಎಂತ ಮುದ್ದುಗಾ ಉಂದಮ್ಮಾ ಈ ಪಾಪ" ಎಂದ, ಎಷ್ಟು ಮುದ್ದಾಗಿದೆ ಈ ಮಗು ಎಂದು ತನ್ನ ತೆಲುಗಿನಲ್ಲಿ ಕರಗಿಹೋದ. ಅವನು ಹೊರಟಾಗ ಕೈ ಹಿಡಿದು ಹೊರಟೇಬಿಟ್ಟಳು. ಬಸ್ ಸ್ಟ್ಯಾಂಡಿನಿಂದ ನಮ್ಮ ಯಜಮಾನರು ಕರೆತಂದರು. ಹೆದರಿದ್ದಳೇ ಎಂದು ಕೇಳಿದೆ. "ಇಲ್ಲ. ಬಸ್ ಬಂದಿದ್ರೆ ಹತ್ತಿಬಿಡೋಳು," ಅಂದರು. ಅವರು ಮಾತು ಕಡಿಮೆಯ ಮನುಷ್ಯ.

ಬೀದಿಯ ಬೇರೆ ಮಕ್ಕಳೂ ಎಲ್ಲರ ಜೊತೆ ಹೋಗುತ್ತಿದ್ದವು. ಆದರೆ ಮಂಡಿ ತರಚಿತೋ, ನೆಟ್ಟಗೆ ತಾಯಿಯ ಬೆನ್ನಿಗೇ. ಇವಳು ಹಾಗಲ್ಲ. ಒಂದು ಸಲ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬಿದ್ದು ಗಲ್ಲ ಸೀಳಿಕೊಂಡಳು. ನಾನು ಮಗ್ಗದ ಹತ್ತಿರವೇ ಇದ್ದೆ. ನನ್ನ ಹಿಂದಿನಿಂದಲೇ ಹಾದು ಹೋಗಿ, ಬಚ್ಚಲಲ್ಲಿ ತೊಳೆದುಕೊಂಡು, ಲಂಗದ ತುದಿ ಒತ್ತಿ ಹಿಡಿದು ಕೂತಿದ್ದಳು. ನೆಲದ ಮೇಲೆ ರಕ್ತದ ಹನಿಗಳನ್ನು ಕಂಡು ಹುಡುಕಿಕೊಂಡು ಹೋದೆ. "ಯಾಕೇ ಬರ್ಲಿಲ್ಲ ನನ್ ಹತ್ರ?" ಎಂದರೆ ನಕ್ಕಳು. ಎಲ್ಲರಿಗೂ ನಗುವ ಅದೇ ನಗು. ಜ್ವರ ಬಂದರೂ ಹಾಗೇ. ಕೆಂಡದಂತೆ ಸುಡುತ್ತಾ ಚಾಪೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ನಾನಾಗಿ ಮುಟ್ಟಿ ನೋಡಬೇಕು. ಬೆಂಗಳೂರಿಗೆ ಹೋಗಿ ಎರಡು ದಿನ ಅಲ್ಲೇ ಉಳಿದು ಬಂದರೂ, ಬಾಗಿಲಲ್ಲಿ ನನ್ನನ್ನು ಕಂಡು, "ದೊಡ್ಡಮ್ಮ ಬಂದ್ರು" ಎಂದು ಒಳಗೆ ಸುದ್ದಿ ಮುಟ್ಟಿಸಿ ಆಟಕ್ಕೆ ಓಡುತ್ತಿದ್ದಳು. ಓಡಿ ಬಂದು ತಬ್ಬಲಿ ಎಂದೇನೂ ನನ್ನ ಆಸೆಯಲ್ಲ. ಒಂದು ಸಲ, ಬಿದ್ದಾಗ, ನನ್ನ ಬೆನ್ನಿಗೆ ಬರಲಿ. ಅಷ್ಟೇ ನಾನು ಕೇಳಿದ್ದು.

ಎರಡು ವರ್ಷ ಕಳೆಯಿತು. ಮೂರನೇ ವರ್ಷದ ಸಂಕ್ರಾಂತಿ ಮುಗಿದ ವಾರ ಅವಳ ಅಪ್ಪ ಬಂದ. ಹೊಸಕೋಟೆಯ ಹತ್ತಿರ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಮನೆ. ಕೆಟ್ಟವನಲ್ಲ. ಎರಡನೇ ಹೆಂಡತಿಗೆ ಹೆರಿಗೆಯಾಗಿ ಕೂಸಿತ್ತು, ನೋಡಿಕೊಳ್ಳಲು ಜನವಿರಲಿಲ್ಲ.

"ಅಕ್ಕಾ, ಮಗು ಕರ್ಕೊಂಡ್ ಹೋಗೋಣ ಅಂತ ಬಂದೆ."

"ಯಾವ ಮಗುನ? ತೊಟ್ಟಿಲು ತೂಗಕ್ಕಾ?" ಅಂದೆ.

"ಹಂಗಂದ್ರೆ ಹೆಂಗಕ್ಕಾ. ನನ್ ಮಗಳಲ್ವಾ? ಅಲ್ಲೂ ಸ್ಕೂಲಿದೆ. ಅವಳಿಗೇನು, ಯಾರ್ ಹತ್ರ ಆದ್ರೂ ಇರ್ತಾಳೆ."

ಆ ಮಾತು ನನಗೆ ಚುಚ್ಚಿತು. "ಯಾರ್ ಹತ್ರ ಆದ್ರೂ ಇರೋದೇ ಕಣಪ್ಪಾ ತೊಂದ್ರೆ. ನಾಕು ಮನೆ ಬದಲಾಯ್ಸಿ ಮಗು ಹಿಂಗಾಗಿದೆ. ಐದನೇದು ಬೇಡ. ಡಾಕ್ಟ್ರಿಗೆ ತೋರ್ಸ್ಬೇಕು."

"ಜ್ವರ ಇಲ್ಲ, ನೆಗಡಿ ಇಲ್ಲ, ಏನಂತ ತೋರ್ಸ್ತೀರಾ? ತುಂಬಾ ನಗ್ತಾಳೆ ಅಂತಲಾ?"

ನಾನು ಎದ್ದೆ. ಅವನಿಗೆ ಹಾಕಿದ್ದ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ನಿಧಾನ ಹೆಜ್ಜೆ ಹಾಕಿದೆ. ಹೊಸ್ತಿಲು ದಾಟುವಷ್ಟರಲ್ಲಿ ಕೂಗಿದ. "ಸರಿ ಅಕ್ಕಾ, ಬನ್ನಿ ಕೂತ್ಕೊಳ್ಳಿ. ಪರೀಕ್ಷೆ ಮುಗಿಯೋವರ್ಗೂ ಇರ್ಲಿ. ಅಷ್ಟ್ರೊಳಗೆ ಯಾರಾದ್ರೂ ತಿಳಿದೋರು, ಈ ಮಗುನ ಮನೆ ಬದಲಾಯ್ಸಬೇಡಿ ಅಂತ ಬರ್ಕೊಟ್ರೆ, ನಾನು ಬಾಯಿ ಮುಚ್ಕೊಂಡ್ ಬಿಟ್ಬಿಡ್ತೀನಿ. ಆಯ್ತಾ?"

ಆಯ್ತು ಅಂದೆ. ಒಳ್ಳೆ ವ್ಯವಹಾರ ಕುದುರಿಸಿದೆ ಎಂದುಕೊಂಡೆ. ತಿಳಿದವರನ್ನು ಎಲ್ಲಿಂದ ತರುವುದು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಅವರೇ ಬಂದರು. ಅದೇ ತಿಂಗಳು ಹುಡುಗಿಯ ಸರ್ಕಾರಿ ಶಾಲೆಗೆ ಬೆಂಗಳೂರಿನಿಂದ ಒಂದು ಸಂಸ್ಥೆಯವರು ಬಂದು, ಮಕ್ಕಳ ಕೈಯಲ್ಲಿ ಮನೆಮನೆಗೆ ಪ್ರಶ್ನೆಗಳ ಹಾಳೆ ಕಳಿಸಿದರು. ತಾಯಿತಂದೆಯರು ಓದಿ, ಪ್ರತಿ ಪ್ರಶ್ನೆಯ ಮುಂದೆ 'ಯಾವಾಗಲೂ', 'ಕೆಲವೊಮ್ಮೆ', 'ಎಂದೂ ಇಲ್ಲ' ಇವುಗಳಲ್ಲೊಂದಕ್ಕೆ ಗುರುತು ಹಾಕಬೇಕು. ಮಗು ಸಾಕಿದವರಿಗೆ ಎಷ್ಟು ಅಂಟಿಕೊಂಡಿದೆ ಎಂದು ಅದರಿಂದ ಗೊತ್ತಾಗುತ್ತದಂತೆ. ಯಾವ ಮಗುವಿಗೆ ತೊಂದರೆಯಿದೆಯೋ ಅದನ್ನು ಆರಿಸಿ, ಮತ್ತೆ ಕರೆದು ನೋಡಿ, ದಾರಿ ಹೇಳುತ್ತಾರಂತೆ. ಇಷ್ಟನ್ನು ಹೆಡ್ ಮೇಷ್ಟ್ರು ನನಗೆ ಹೇಳಿದ್ದು ಆಮೇಲೆ. ಬೀದಿಯವರಿಗೆ ಯಾರೂ ಹೇಳಲಿಲ್ಲ.

ಮಧ್ಯಾಹ್ನ ಕರೆಂಟ್ ಹೋಗಿತ್ತು. ಕರೆಂಟ್ ಹೋದರೆ ನಮ್ಮ ಬೀದಿಗೆ ಕಿವಿ ಬರುತ್ತದೆ. ಎಲ್ಲರೂ ಜಗಲಿಗೆ ಬಂದು ಕೂತು ಗಟ್ಟಿಯಾಗಿ ಮಾತಾಡುತ್ತಾರೆ, ಅಭ್ಯಾಸಬಲ. ಎದುರುಮನೆಯಾಕೆ ಹಾಳೆ ಹಿಡಿದು ರಾಗವಾಗಿ ಓದುತ್ತಿದ್ದಳು. ನಮ್ಮ ಹುಡುಗಿಯದೇ ಕ್ಲಾಸಿನ ಅವಳ ಮಗ ಪೆನ್ಸಿಲ್ ಹಿಡಿದಿದ್ದ.

"'ಮಗುವು ಪೆಟ್ಟಾದಾಗ ಅಳುತ್ತಾ ನಿಮ್ಮನ್ನು ಕರೆಯುತ್ತದೆಯೇ?' ಕರೆಯುತ್ತದೆಯೇ ಅಂತೆ! ಕರೆದ್ರೆ ನಂಗೆ ಕೇಳುಸ್ಬೇಕಲ್ಲಪ್ಪಾ! 'ಎಂದೂ ಇಲ್ಲ' ಹಾಕ್ಲಾ."

"ಬೇಡ ಕಣಮ್ಮಾ, ಮೇಷ್ಟ್ರು ಬೈತಾರೆ."

"ಮೇಷ್ಟ್ರನ್ನ ನಾನ್ ಬೈತೀನಿ, ನೀನ್ ಹಾಕು. 'ನೀವು ಹೊರಗೆ ಹೊರಟಾಗ ಮಗುವು ತಡೆಯುತ್ತದೆಯೇ?' ನಾನ್ ಎಲ್ಲಿಗ್ ಹೋಗ್ತೀನಿ? ಈ ಮಗ್ಗ ಬಿಟ್ಟು ಸಾಯಕ್ಕೂ ಪುರುಸೊತ್ತಿಲ್ಲ. 'ಎಂದೂ ಇಲ್ಲ.' 'ಹೊಸಬರ ಜೊತೆ ಹಿಂಜರಿಯದೆ ಹೋಗುತ್ತದೆಯೇ?' ಹೋಗ್ತದೆ! ನೂಲಿನ ಸಾಹುಕಾರ್ರ ಸ್ಕೂಟರ್ ಕಂಡ್ರೆ ಹತ್ತಿ ಕೂತಿರ್ತದೆ. 'ಯಾವಾಗಲೂ' ಹಾಕು. ಒಳ್ಳೆ ಹೆಸ್ರು ಬರ್ಲಿ."

ಜಗಲಿಯೆಲ್ಲ ನಕ್ಕಿತು. ಓದು ಬಾರದವರ ಹಾಳೆಗಳೂ ಅವಳ ಕೈಗೇ ಬಂದವು. ಅಳುವುದಿಲ್ಲ, ಕಾಡುವುದಿಲ್ಲ, ಎಲ್ಲರ ಜೊತೆ ಹೊಂದಿಕೊಳ್ಳುತ್ತದೆ. ಮಗುವನ್ನು ಕೆಟ್ಟದೆಂದು ಯಾರು ಬರೆದುಕೊಡುತ್ತಾರೆ? ಬೀದಿಯ ಎಲ್ಲ ಹಾಳೆಗಳೂ ಹೆಚ್ಚುಕಡಿಮೆ ಒಂದೇ ರೀತಿ ತುಂಬಿದವು.

ನಾನು ನನ್ನ ಹಾಳೆಯನ್ನು ಒಳಗೆ ಒಯ್ದು, ಕಿಟಕಿಯ ಹತ್ತಿರ ಕೂತು ಓದಿದೆ. ನೋವಾದರೂ ಯಾರಿಗೂ ಹೇಳದೆ ತಾನೇ ನೋಡಿಕೊಳ್ಳುತ್ತದೆಯೇ? ನೀವು ಬಹಳ ಹೊತ್ತಿನ ಮೇಲೆ ಮರಳಿದಾಗ, ಬೇರೆ ಯಾರೋ ಬಂದಂತೆ ನೋಡುತ್ತದೆಯೇ? ಮನೆಯವರಿಗೂ ದಾರಿಹೋಕರಿಗೂ ಒಂದೇ ಬಗೆಯ ಸಲಿಗೆ ತೋರಿಸುತ್ತದೆಯೇ? ಈ ಪ್ರಶ್ನೆ ಬರೆದವರು ನಮ್ಮ ಮನೆಗೆ ಬಂದು ಹೋಗಿದ್ದಾರೆ ಎನ್ನಿಸಿತು. ಎಲ್ಲೋ ಯಾರೋ ಇಂಥ ಮಕ್ಕಳನ್ನು ನೋಡಿದ್ದಾರೆ. ಇವಳಿಗಿರುವುದಕ್ಕೆ ಒಂದು ಹೆಸರಿದೆ. ಹೆಸರಿದೆ ಎಂದ ಮೇಲೆ ಬರೆದುಕೊಡುವವರೂ ಇರುತ್ತಾರೆ. ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿದೆ. ಅವಳು ಬಂದಾಗಿನಿಂದ ಆ ಒಂದು ಮಧ್ಯಾಹ್ನ ನನಗೆ ಧೈರ್ಯವಿತ್ತು.

ನಿಮ್ಮ ಮನೆಗೂ ಇಂಥ ಹಾಳೆ ಬರಬಹುದು. ಬಂದರೆ ನನ್ನ ಮಾತು ಕೇಳಿ. ಬರೀ ಗುರುತು ಹಾಕಿ ಕೊಡಬೇಡಿ. ಪಕ್ಕದ ಖಾಲಿ ಜಾಗದಲ್ಲಿ ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಯಾರು ಓದುತ್ತಾರೆ, ಮತ್ತೆ ಯಾವಾಗ ಬರುತ್ತಾರೆ, ಅವರ ಮೇಲಿನವರು ಯಾರು, ಕೇಳಿ ತಿಳಿದುಕೊಳ್ಳಿ. ನಾನೂ ಅಂಚಿನಲ್ಲಿ ಬರೆದೆ, ಗಲ್ಲ ಸೀಳಿದ ದಿನದ ವಿಷಯ. ಇಷ್ಟೆಲ್ಲ ಮಾಡಿದರೆ ಉಪಯೋಗವಾಗುತ್ತದೆಂದು ಮಾತ್ರ ನಾನು ಹೇಳಲಾರೆ.

ಫೆಬ್ರವರಿ ಕೊನೆಯಲ್ಲಿ ಹೆಡ್ ಮೇಷ್ಟ್ರು ತಾಯಂದಿರನ್ನೆಲ್ಲ ಶಾಲೆಗೆ ಕರೆಸಿದರು. ಹಾಳೆ ಕಳಿಸಿದ ಮೇಡಂ ಬಂದಿದ್ದರು. ಚಿಕ್ಕ ವಯಸ್ಸು, ಖಾದಿ ಸೀರೆ, ಮೆತ್ತಗಿನ ಮಾತು. ತಪಾಸಣೆಗೆ ಆರಿಸಿದ ಮಕ್ಕಳ ಹೆಸರನ್ನು ಮೇಷ್ಟ್ರು ಓದಿದರು. ರೈತರ ಮಕ್ಕಳು ಒಂದಿಬ್ಬರು. ಉಳಿದದ್ದೆಲ್ಲ ನಮ್ಮ ಬೀದಿ. ಮೇಡಂಗೇ ಆಶ್ಚರ್ಯವಾದಂತಿತ್ತು. ಇದರ ಅರ್ಥವೇನೆಂದು ಯಾರೋ ಕೇಳಿದಾಗ, ಪಾಪ, ಅವರು ಸುಳ್ಳು ಹೇಳಲಿಲ್ಲ. "ಈ ಮಕ್ಕಳು ತಾಯಿಯನ್ನ ಅಷ್ಟಾಗಿ ಹಚ್ಚಿಕೊಂಡಿಲ್ಲವೇನೋ ಅಂತ ಒಂದು ಸಂಶಯ, ಅಷ್ಟೇ..."

ಮುಗಿಯಿತು. ಎದುರುಮನೆಯಾಕೆ ಸೆರಗು ಸಿಕ್ಕಿಸಿ ಎದ್ದಳು. "ಏನಂದ್ರಿ? ನನ್ ಮಗ ನನ್ನ ಹಚ್ಕೊಂಡಿಲ್ವಾ? ರೀ ಮೇಡಮ್ಮೋರೆ, ನಿಮ್ಗೆ ಮದ್ವೆ ಆಗಿದ್ಯಾ?"

"ಇಲ್ಲ..."

"ಅದಕ್ಕೇ! ಬನ್ನಿ ನಮ್ಮನೆಗೆ. ಬನ್ನಿ ಅಂದ್ರೆ ಬನ್ನಿ."

ಮೇಡಂ ಕೈ ಹಿಡಿದು ಬೀದಿಗೆ ಎಳೆದುಕೊಂಡೇ ಬಂದಳು, ಹಿಂದೆ ನಾವೆಲ್ಲ. ಮಕ್ಕಳೂ ಬಂದವು. ದಾರಿಯಲ್ಲಿ ನಮ್ಮ ಹುಡುಗಿ ಮೇಡಂನ ಇನ್ನೊಂದು ಕೈ ಹಿಡಿದುಕೊಂಡಳು. ಎದುರುಮನೆಯಾಕೆ ಮಗ್ಗ ಹಾಕಿದಳು. "ಈಗ ಬಾಗ್ಲಲ್ಲಿ ನಿಂತು ನನ್ನ ಕೂಗಿ ನೋಡೋಣ!" ಎಂದು ಕೈಸನ್ನೆ ಮಾಡಿದಳು. ಮೇಡಂ ಕೂಗಿದರು. ಬಾಯಿ ತೆರೆದದ್ದು ಕಂಡಿತೇ ಹೊರತು ಪಕ್ಕದಲ್ಲಿದ್ದ ನನಗೂ ಏನೂ ಕೇಳಲಿಲ್ಲ. ಅಷ್ಟರಲ್ಲಿ ಅವಳ ಮಗ, ಅಮ್ಮ ಎಲ್ಲರ ಮುಂದೆ ಜಗಳ ಮಾಡಿದ್ದಕ್ಕೆ ಮುಖ ಚಿಕ್ಕದು ಮಾಡಿಕೊಂಡಿದ್ದವನು, ಯಾರೂ ಹೇಳದೆ ಹೋಗಿ ಅವಳ ಬೆನ್ನಿಗೆ ಹಣೆಯಿಟ್ಟು ನಿಂತ. ಅವಳ ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಅವನ ತಲೆ ಹುಡುಕಿತು.

ಮೇಡಂ ಅದನ್ನು ಕಣ್ಣಾರೆ ಕಂಡರು. ಹೊರಗೆ ಬಂದಾಗ ಅವರ ಮುಖ ಬೆಳಗುತ್ತಿತ್ತು. "ನಮ್ಮ ಪ್ರಶ್ನೆಗಳೇ ಸರಿಯಿಲ್ಲ ಅಮ್ಮ. ಎಲ್ಲೋ ಕೂತು ಬರೆದದ್ದು. ಈ ಬೀದಿಗೆ ಅದು ಹೊಂದಲ್ಲ. ಇಲ್ಲಿಯ ಹಾಳೆಗಳನ್ನೆಲ್ಲ ಪಕ್ಕಕ್ಕಿಡ್ತೀವಿ. ಬೇರೆ ಪ್ರಶ್ನೆಗಳನ್ನ ಮಾಡ್ಕೊಂಡು ಮತ್ತೆ ಬರ್ತೀವಿ."

ಬೀದಿ ಗೆದ್ದಿತು. ಎದುರುಮನೆಯಾಕೆ ಮೇಡಂಗೆ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಆದರೆ ನಮ್ಮ ಹುಡುಗಿಯ ಹಾಳೆಯೂ ಅವುಗಳ ಜೊತೆಗೇ ಪಕ್ಕಕ್ಕೆ ಹೋಯಿತು. ಮಕ್ಕಳ ಗದ್ದಲದಿಂದ ಮೇಡಂರನ್ನು ಪಕ್ಕಕ್ಕೆ ಕರೆದೆ.

"ಬೇರೆ ಮಕ್ಕಳದ್ದೆಲ್ಲ ತೆಗೀರಿ. ನಮ್ಮ ಹುಡುಗೀದು ಒಂದು ಮಾತ್ರ ಇಟ್ಕೊಳ್ಳಿ. ಅದು ಸರಿಯಾಗಿದೆ."

"ಒಂದನ್ನೇ ಇಟ್ಕೊಳ್ಳೋಕೆ ಬರಲ್ಲಮ್ಮ. ಎಲ್ಲಾ ಒಂದೇ ಥರ ಇದೆ. ನಿಮ್ಮ ಮಗೂನೂ ಹೀಗೇ ಬೆನ್ನಿಗೆ ಬರುತ್ತಲ್ವಾ?"

"ಬರಲ್ಲ."

"ಬರುತ್ತೆ, ನೀವು ಗಮನಿಸಿರಲ್ಲ."

"ಮೂರು ವರ್ಷದಿಂದ ಬೆನ್ನಲ್ಲೇ ಕಣ್ಣಿಟ್ಕೊಂಡಿದೀನಿ, ತಾಯಿ. ಬರಲ್ಲ. ಹಾಳೆ ಅಂಚಲ್ಲಿ ಬರೆದಿದೀನಿ, ಓದಿದ್ರಾ?"

ಅಂಚಿನಲ್ಲಿ ಬರೆದದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಂತೆ. ಗುರುತುಗಳನ್ನು ಮಾತ್ರ ಕೂಡುತ್ತಾರಂತೆ. ಅವರು ನನ್ನ ಭುಜ ಮುಟ್ಟಿ, ನಗುತ್ತಾ ಹೇಳಿದರು: "ಹೆದರಬೇಡಿ. ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನನ್ನ ಕೈ ಬಿಟ್ಟೇ ಇಲ್ಲ ನೋಡಿ, ಆಗಲಿಂದ. ನನ್ನ ಜೊತೆ ಬೆಂಗಳೂರಿಗೆ ಬರ್ತಾಳಂತೆ!"

ಹೌದು, ಹುಡುಗಿ ಮತ್ತೆ ಬಂದು ಅವರ ಕೈ ಹಿಡಿದಿದ್ದಳು. ಮೇಲೆ ನೋಡಿ ನಗುತ್ತಿದ್ದಳು.

"ಅದೇ ಕಣಮ್ಮಾ ಇವಳ ಕಾಯಿಲೆ," ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅಷ್ಟರಲ್ಲಿ ಒಳಗೆ ಯಾರೋ ಮತ್ತೆ ಮಗ್ಗ ಹಾಕಿದ್ದರು. ಮೇಡಂ ಕಿವಿಯ ಹತ್ತಿರ ಕೈ ತಂದು, "ಏನಂದ್ರಿ?" ಎಂದರು. ಮತ್ತೆ ಹೇಳಿದೆ. ಈ ಸಲ ಕೇಳಿತು. ಅವರು ಹುಡುಗಿಯನ್ನೂ ನನ್ನನ್ನೂ ನೋಡಿ, ಮಕ್ಕಳನ್ನು ಹಾಗೆಲ್ಲ ಕಾಯಿಲೆ ಅನ್ನಬಾರದು ಎಂದು ಮೆಲ್ಲಗೆ ತಿದ್ದಿದರು.

ಅವಳ ಅಪ್ಪನ ಮಾತು, ಬರೆದುಕೊಡಬೇಕಾದ ಚೀಟಿ, ಎಲ್ಲ ಹೇಳಿದೆ. ತಪಾಸಣೆ ಮಾಡದೆ ಬರೆದುಕೊಡುವ ಅಧಿಕಾರ ತಮಗಿಲ್ಲ ಎಂದರು. ತಪಾಸಣೆ ಮಾಡಿ ಎಂದೆ. ಹಾಳೆ ಪಕ್ಕಕ್ಕಿಟ್ಟ ಮೇಲೆ ತಪಾಸಣೆಗೆ ಕರೆಯಲು ಬರುವುದಿಲ್ಲ ಎಂದರು. ನನಗೆ ಗೊತ್ತಿದ್ದದ್ದು ಒಂದೇ ಪಟ್ಟು. ಸರಿ ಬಿಡಿ ಎಂದು ಮೇಡಂ ಕೈಯಿಂದ ಹುಡುಗಿಯ ಕೈ ಬಿಡಿಸಿಕೊಂಡು, ತಿರುಗಿ, ನಮ್ಮ ಮನೆಯ ಕಡೆ ನಡೆದೆ. ನಿಧಾನವಾಗಿಯೇ ನಡೆದೆ. ಜಗಲಿ ಹತ್ತಿದೆ. ಚಪ್ಪಲಿ ಬಿಡಲು ತಡ ಮಾಡಿದೆ. ಹಿಂದಿನಿಂದ ಯಾರೂ ಕೂಗಲಿಲ್ಲ. ತಿರುಗಿ ನೋಡಿದಾಗ ಮೇಡಂ ಪಾನಕದ ಲೋಟ ಹಿಡಿದು ಎದುರುಮನೆಯ ಹುಡುಗನ ತಲೆ ಸವರುತ್ತಿದ್ದರು. ಒಳ್ಳೆಯ ಹೆಣ್ಣುಮಗಳು. ಈಗಲೂ ಹಾಗೇ ಅನ್ನುತ್ತೇನೆ. ಬೀದಿಯ ಮಕ್ಕಳಿಗೆ ನ್ಯಾಯ ಮಾಡಿದರು.

ಮಾರ್ಚ್‌ನಲ್ಲಿ ಸೀರೆಯ ಗಂಟಿನ ಜೊತೆಗೇ ಅವರ ಆಫೀಸು ಹುಡುಕಿಕೊಂಡು ಹೋದೆ. ಮೇಡಂ ಬೇರೆ ಊರಿಗೆ ಹೋಗಿದ್ದರು. ಹೊಸ ಪ್ರಶ್ನೆಗಳು ತಯಾರಾಗುತ್ತಿವೆ, ಆದಾಗ ಶಾಲೆಗೆ ತಿಳಿಸುತ್ತೇವೆ ಎಂದರು ಅಲ್ಲಿದ್ದವರು. ತಿಳಿಸಲಿಲ್ಲ. ನಮ್ಮೂರಿನ ಡಾಕ್ಟರ ಹತ್ತಿರ ಹೋದೆ. ಹುಡುಗಿ ಅವರ ಸ್ಟೆತಾಸ್ಕೋಪನ್ನು ತನ್ನ ಕಿವಿಗೆ ಹಾಕಿಕೊಂಡು ಅವರ ಎದೆ ಪರೀಕ್ಷೆ ಮಾಡಿದಳು. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಮಾತು ಕೇಳಿ, "ಅಲ್ಲಮ್ಮಾ, ಜ್ವರಕ್ಕೆ ಸರ್ಟಿಫಿಕೇಟ್ ಕೊಡ್ಬೋದು. ಇದಕ್ಕೆ ಏನಂತ ಬರೀಲಿ? ಈ ಮಗು ಎಲ್ಲರನ್ನೂ ಪ್ರೀತಿಸುತ್ತೆ ಅಂತ ಬರೀಲಾ?" ಎಂದರು.

ಎಲ್ಲರನ್ನೂ ಪ್ರೀತಿಸುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದರು.

ಹೊರಗಿನವರಿಂದ ಆಗದಿದ್ದರೆ ನಾನೇ ಮಾಡುತ್ತೇನೆಂದು ಹೊರಟೆ. ಕಂಡಿಕೆ ಸುತ್ತುವುದನ್ನು ಕಲಿತವಳು, ಸೀರೆ ಮಾರುವುದನ್ನು ಕಲಿತವಳು, ಇದನ್ನೂ ಕಲಿಸಬಹುದು ಎಂದುಕೊಂಡೆ. ಬೆಂಗಳೂರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ದಿನವೆಲ್ಲ ಮಗ್ಗಕ್ಕೆ ನಿಂತೆ, ಬೆನ್ನು ಅವಳಿಗೆ ಸಿಗಲಿ ಎಂದು. ಒಂದು ದಿನ ಬಾಯಿಬಿಟ್ಟೇ ಹೇಳಿದೆ. "ನೋಡು ಪುಟ್ಟೀ, ನೋವಾದ್ರೆ ಇಲ್ಲಿಗ್ ಬರ್ಬೇಕು. ಇಲ್ಲಿ ಹಣೆ ಇಡ್ಬೇಕು. ಆಯ್ತಾ?"

"ಆಯ್ತು ದೊಡ್ಡಮ್ಮ."

ಮಾರನೆಯ ದಿನ ಮಗ್ಗದ ಮುಂದೆ ನಿಂತಿದ್ದಾಗ ಬೆನ್ನಿಗೆ ಏನೋ ತಾಗಿತು. ಎಡಗೈ ಹಿಂದಕ್ಕೆ ಚಾಚಿದೆ. ತಲೆ ಸಿಗಲಿಲ್ಲ. ಅವಳು ಆಗಲೇ ಹಿಂದೆ ಸರಿದು, ಮುಂದೆ ಬಂದು, ತುಟಿ ದೊಡ್ಡದಾಗಿ ಆಡಿಸಿ ಕೇಳುತ್ತಿದ್ದಳು: "ಸರಿ ಮಾಡ್ದೆನಾ?" ಎಲ್ಲೂ ನೋವಾಗಿರಲಿಲ್ಲ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ್ದಳು. ಸರಿ ಮಾಡಿದೆ ಎಂದು ತಲೆಯಾಡಿಸಿದೆ. ಒಂದು ಎಳೆ ಕಡಿದು ಆ ಸೀರೆಯ ಒಡಲಿನುದ್ದಕ್ಕೂ ಗೀಟು ಬಿತ್ತು.

ಆ ಪಾಠ ಅವಳು ಮತ್ತೆ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಪರೀಕ್ಷೆ ಮುಗಿದ ವಾರ ಅವಳ ಅಪ್ಪ ಬಂದ. "ಚೀಟಿ ಸಿಕ್ತಾ ಅಕ್ಕಾ?" ಎಂದು ಕೇಳಿದ, ತಮಾಷೆಗಲ್ಲ. ಸಿಕ್ಕಿದ್ದರೆ ಬಿಟ್ಟು ಹೋಗುತ್ತಿದ್ದನೋ ಏನೋ. ಇಲ್ಲವೆಂದೆ. ಹುಡುಗಿ ತನ್ನ ಬಟ್ಟೆಗಳನ್ನು ತಾನೇ ಮಡಿಸಿ ಚೀಲಕ್ಕೆ ತುಂಬಿದ್ದಳು. ಮೂರು ವರ್ಷ ನಮ್ಮ ಮನೆಯಲ್ಲಿ ಬೆಳೆದವಳು, ಒಂದು ವಸ್ತುವನ್ನೂ ಮರೆಯದೆ ಎತ್ತಿಕೊಂಡಿದ್ದಳು. "ದೊಡ್ಡಮ್ಮ, ಅಲ್ಲಿ ಟೀವಿ ಇದ್ಯಂತೆ. ಕಲರ್ರು!"

ನಮ್ಮ ಯಜಮಾನರು ಮಗ್ಗ ನಿಲ್ಲಿಸಲಿಲ್ಲ. ಹುಡುಗಿ "ಬರ್ತೀನಿ ದೊಡ್ಡಪ್ಪಾ" ಎಂದು ಬಾಯಾಡಿಸಿದಾಗ ತಲೆಯಾಡಿಸಿದರು. ನಾವು ಬಾಗಿಲು ದಾಟುವಾಗ ಹಿಂದಿರುಗಿ ನೋಡಿದೆ. ಅವರ ಎಡಗೈ ಮಗ್ಗ ಬಿಟ್ಟು ಹಿಂದಕ್ಕೆ ಬಂದು ಸುಮ್ಮನೆ ನೇತಾಡುತ್ತಿತ್ತು.

ಬಸ್ ಸ್ಟ್ಯಾಂಡಿಗೆ ನಾನೇ ಹೋದೆ. ದೇವನಹಳ್ಳಿಗೆ ಹೋಗಿ ಅಲ್ಲಿಂದ ಹೊಸಕೋಟೆಯ ಬಸ್ಸು. ಹುಡುಗಿ ಹತ್ತಿದ ತಕ್ಷಣ, ಕಿಟಕಿಯ ಹತ್ತಿರ ಕೂತಿದ್ದ ಯಾರೋ ಅಜ್ಜಿಯನ್ನು ಮಾತಾಡಿಸಿ ಜಾಗ ಬಿಡಿಸಿಕೊಂಡಳು. ಕಿಟಕಿಯಿಂದ ಕೈ ಚಾಚಿದಳು. ಹಿಡಿದೆ. ಬೆಚ್ಚಗಿತ್ತು.

"ಏನಾದ್ರೂ ಆದ್ರೆ, ಬಿದ್ರೆ, ಜ್ವರ ಬಂದ್ರೆ, ಯಾರಿಗ್ ಹೇಳ್ತೀಯೇ?"

"ಯಾರಿಗಾದ್ರೂ ಹೇಳ್ತೀನಿ," ಅಂದಳು.

ಕಂಡಕ್ಟರ್ ಸೀಟಿ ಊದಿದ. ನಾನು ಕೈ ಬಿಟ್ಟು ತಿರುಗಿ ನಡೆದೆ. ತಿರುಗಿ ನೋಡಬಾರದು, ಅದೇ ನನ್ನ ವಿದ್ಯೆ. ಎಳನೀರಿನ ಗಾಡಿಯವರೆಗೆ ಎಷ್ಟು ನಿಧಾನವಾಗಿ ನಡೆಯಬಹುದೋ ಅಷ್ಟು ನಿಧಾನವಾಗಿ ನಡೆದೆ. ಎಂಜಿನ್ ಸದ್ದಿತ್ತು, ಜನರಿದ್ದರು. ಅದೆಲ್ಲದರ ನಡುವೆ "ದೊಡ್ಡಮ್ಮಾ" ಎನ್ನುವುದೊಂದು ಕೇಳಬೇಕಿತ್ತು. ಮಗ್ಗದ ಬೀದಿಯವಳ ಕಿವಿ ಮಂದವೇನೋ ಎಂದು ಕೊನೆಗೆ ತಿರುಗಿಯೂ ನೋಡಿದೆ. ಬಸ್ಸು ಹೊರಳುತ್ತಿತ್ತು. ಅವಳು ಆ ಅಜ್ಜಿಗೆ ತನ್ನ ಬಳೆ ತೋರಿಸುತ್ತಿದ್ದಳು.

ಬೀದಿಗೆ ಬಂದಾಗ ಕರೆಂಟ್ ಹೋಗಿತ್ತು. "ಅತ್ಲಾ ಅಕ್ಕಾ?" ಅಂದಳು ಎದುರುಮನೆಯಾಕೆ. ಇಲ್ಲವೆಂದೆ. "ನೋಡು, ನಾನ್ ಹೇಳ್ಲಿಲ್ವಾ? ಚಿನ್ನ ಕಣೆ ಅದು." ಹೇಳುತ್ತಾ ಅವಳೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಕೆಲವು ವರ್ಷಗಳ ಮೇಲೆ ಹೊಸಕೋಟೆಯಲ್ಲಿ ಸೀರೆಯ ಗಿರಾಕಿಗಳಾದರು. ಒಂದು ಮಧ್ಯಾಹ್ನ ಅವಳ ಮನೆಗೆ ಹೋದೆ. ಉದ್ದ ಬೆಳೆದಿದ್ದಳು, ಲಂಗ ದಾವಣಿ. ಗಲ್ಲದ ಮೇಲೆ ಹಳೆಯ ಗೆರೆ. ಮೊಣಕೈಗೆ ಬ್ಯಾಂಡೇಜು. ಏನಾಯಿತೆಂದೆ. ಮೆಟ್ಟಿಲಲ್ಲಿ ಜಾರಿದ್ದಂತೆ, ತಾನೇ ಆಸ್ಪತ್ರೆಗೆ ಹೋಗಿ ಕಟ್ಟಿಸಿಕೊಂಡು ಬಂದಳಂತೆ, ಮನೆಯಲ್ಲಿ ಸಂಜೆಯವರೆಗೆ ಗೊತ್ತೇ ಇರಲಿಲ್ಲವಂತೆ. ನಗುತ್ತಾ ಹೇಳಿದಳು. ಕಾಫಿ ಕೊಟ್ಟಳು. ನನ್ನ ಪಕ್ಕದಲ್ಲೇ ಅಂಟಿ ಕೂತು, ನನ್ನ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಎಲ್ಲರನ್ನೂ ವಿಚಾರಿಸಿದಳು, ಎದುರುಮನೆಯಾಕೆಯನ್ನು, ಹೆಡ್ ಮೇಷ್ಟ್ರನ್ನು, ದೊಡ್ಡಪ್ಪನನ್ನು. ಅಷ್ಟರಲ್ಲಿ ಹಳೆ ಪೇಪರ್ ಕೊಳ್ಳುವವನು ಬಾಗಿಲಿಗೆ ಬಂದ. ಎದ್ದು ಹೋಗಿ ಅವನನ್ನೂ ಅಷ್ಟೇ ಅಕ್ಕರೆಯಿಂದ ಕೂರಿಸಿ, ನೀರು ಕೊಟ್ಟು, ಅವನ ಮಕ್ಕಳು ಹೇಗಿದ್ದಾರೆಂದು ಕೇಳಿದಳು. ಆ ನೀರನ್ನು ಅವನು ಸಂತೋಷದಿಂದ ಕುಡಿದ.

ನಾನು ಹೊರಟಾಗ ಬಾಗಿಲವರೆಗೆ ಬಂದಳು. "ಮತ್ತೆ ಬನ್ನಿ ದೊಡ್ಡಮ್ಮ," ಅಂದಳು. ಬರುತ್ತೇನೆಂದು ಗಂಟನ್ನು ಹೆಗಲಿಗೇರಿಸಿ ಬಸ್ಸಿನ ಕಡೆ ನಡೆದೆ. ಈ ಸಲ ಹೆಜ್ಜೆ ನಿಧಾನ ಮಾಡಲಿಲ್ಲ.